ಕೈಗೆ ಕೂತಿದ್ದ ಫ್ರೀಹ್ಯಾಂಡ್ ಬಿಡಿಸಿದ ಕಥಿ

ಚುಕ್ಕಿ ರಂಗೋಲಿ ನಾವು ವಹಿಯಾಗ ಹೆಂಗ ಬರದಿಟ್ಕೋತೀವಿ? 15 ಚುಕ್ಕಿ, 8ಕ್ಕ ನಿಲ್ಲಸೂದು ಅಂತ. ಅಷ್ಟಿದ್ರ ಬಾಗಲ ಮುಂದ ಸಣ್ಣದೂ ಹಾಕಬಹುದು, ಗುಡಿ ಅಂಗಳದಾಗ ದೊಡ್ಡದೂ ಹಾಕಬಹುದು. ಕಂಪ್ಯೂಟರಿನ ವೆಕ್ಟರ್ ಚಿತ್ರನೂ ಇದೇ ಲೆಕ್ಕ. ಚುಕ್ಕಿ ಎಲ್ಲಿ, ಕೂಡಿಸೋ ಗೆರಿ ಎಷ್ಟು ಬಾಗಬೇಕು, ಅಷ್ಟನ್ನ ಅದು ನೆನಪಿಡ್ತದ. ಹಿಂಗಾಗಿ ಎಷ್ಟು ಹಿಗ್ಗಿಸಿದ್ರೂ ಫೋಟೋದಂಗ ಮಸುಕಾಗೂದಿಲ್ಲ. ನಮ್ಮ ಕಡೆ ಲಗ್ನಪತ್ರಿಕಾ ಮಾಡೋ ಪ್ರೆಸ್ಸಿನಾಗ ಕೋರೆಲ್ ಡ್ರಾ ನೋಡಿರ್ತೀರಿ, ಅದೇ ಜಾತಿದು.

ಅಮೇರಿಕಾದಾಗ ಇಂಥಾವು ಎರಡು ಹೆಚ್ಚುಕಮ್ಮಿ ಜೋಡೀಲೆ ಹುಟ್ಟಿದ್ವು. 1987ರಾಗ ಅಡೋಬಿ ಕಂಪನಿಯ ಇಲಸ್ಟ್ರೇಟರ್, 1988ರಾಗ ಫ್ರೀಹ್ಯಾಂಡ್. ಅಡೋಬಿ ಕಟ್ಟಿದ ಇಬ್ಬರೊಳಗ ಒಬ್ಬರು ಜಾನ್ ವಾರ್ನಾಕ್. ಅವರ ಹೆಂಡತಿ ಮಾರ್ವಾ ಗ್ರಾಫಿಕ್ ಡಿಸೈನರ್, ಕಂಪನಿಯ ಮೊದಲನೇ ಲೋಗೋ ಆಕೀನ ಮಾಡಿದ್ದು. (ಇಂಥಾದ್ದು ಯಾವಾಗಲೂ ಕಡೀಗೆ ಗೊತ್ತಾಗ್ತದ ನೋಡ್ರಿ.) ಫ್ರೀಹ್ಯಾಂಡ್ ಮಾಡಿದವರು ಟೆಕ್ಸಸಿನ ಆಲ್ಟ್‌ಸಿಸ್ ಅನ್ನೋರು, ಮಾರತಿದ್ದವರು ಆಲ್ಡಸ್ ಅನ್ನೋರು.

1994ರಾಗ ಅಡೋಬಿ ಆಲ್ಡಸನ್ನ ತಗೊಂತು. ಎರಡೂ ಒಬ್ಬರ ಕೈಗೆ ಹೋದ್ರ ಪೈಪೋಟಿ ಎಲ್ಲಿ ಉಳೀತು ಅಂತ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಅಡ್ಡ ಬಂತು. ಫ್ರೀಹ್ಯಾಂಡ್ ಆಲ್ಟ್‌ಸಿಸ್‌ಗೆ ವಾಪಸ್ ಕೊಡ್ರಿ, ಮುಂದ 10 ವರ್ಷ ಇಂಥಾ ಇನ್ನೊಂದು ಸಾಫ್ಟ್‌ವೇರನ್ನ ನೀವಾಗಿ ಕೊಳ್ಳಂಗಿಲ್ಲ ಅಂತು. 1995ರಾಗ ಆಲ್ಟ್‌ಸಿಸ್ಸನ್ನ ಮ್ಯಾಕ್ರೋಮೀಡಿಯಾ ಕೊಂಡು, ಫ್ರೀಹ್ಯಾಂಡ್ ಆ ಮನಿ ಸೇರ್ತು.

ಬಳಸೋರಿಗೆ ಅದರ ಮ್ಯಾಲೆ ಅಷ್ಟು ಜೀವ ಯಾಕ ಅಂದ್ರ, ಒಂದ ಫೈಲಿನಾಗ ಬ್ಯಾರೆ ಬ್ಯಾರೆ ಅಳತಿಯ ಹಾಳಿ ಇಟ್ಕೊಬಹುದಿತ್ತು. ಪತ್ರಿಕಾ, ಅದರ ಲಕೋಟಿ, ಮ್ಯಾಲಿನ ಚೀಟಿ ಎಲ್ಲಾ ಒಂದ ಕಡೆ, ಮಸಾಲಿ ಡಬ್ಬಿಯಂಗ. ಇಲಸ್ಟ್ರೇಟರಿಗೆ ಈ ಸವಲತ್ತು ಬರಲಿಕ್ಕೆ 2008 ಆತು.

10 ವರ್ಷದ ಗಡುವು 2004ಕ್ಕ ತೀರ್ತು. 2005ರಾಗ ಅಡೋಬಿ ಮ್ಯಾಕ್ರೋಮೀಡಿಯಾನ್ನ ಇಡಿಯಾಗಿ ಕೊಂಡ್ತು! ಈ ಸಲ ಯಾರೂ ಫ್ರೀಹ್ಯಾಂಡ್ ಬಿಡಿಸಿಕೊಡಲಿಲ್ಲ. 2003ರಾಗ ಬಂದ ಫ್ರೀಹ್ಯಾಂಡ್ ಎಂಎಕ್ಸ್ ಕಡೀದಾತು. 2007ರಾಗ, ಇನ್ನ ಮುಂದ ಇದನ್ನ ಬೆಳಸೂದಿಲ್ಲ, ಇಲಸ್ಟ್ರೇಟರಿಗೆ ಬರ್ರಿ ಅಂತ ಹೇಳಿಬಿಟ್ರು. ಸೋತು ಹೋಗಿದ್ದಲ್ಲ, ಸವತಿ ಮನಿಗೆ ಹೋಗಿ ಮೂಲ್ಯಾಗ ಕೂತಿದ್ದು. ನನಗಂತೂ ಹಂಗ ಅನಿಸ್ತದ.

ಹೊಸಾದು ಕಲಿಯೂದು ಒಂದು ಕಷ್ಟ. ಇಪ್ಪತ್ತು ವರ್ಷ ಬೆರಳಿಗೆ ರೂಢಿ ಆದ ಕೀಲಿಗಳನ್ನ ಮರೀಬೇಕು. ಅದಕ್ಕಿಂತ ದೊಡ್ಡದು ಹಳೇ ಚಿತ್ರದ ಚಿಂತಿ. ಇಲಸ್ಟ್ರೇಟರ್ ಕೆಲವು ವರ್ಷ ಫ್ರೀಹ್ಯಾಂಡ್ ಫೈಲ್ ತೆರೀತಿತ್ತು, 2012ರ ಸಿಎಸ್6ನಾಗ ಅದೂ ನಿಂತ್ತು. ಆ್ಯಪಲ್ ಕಂಪ್ಯೂಟರಿನಾಗ 2011ರ ಲಯನ್ ಬಂದಮ್ಯಾಲೆ ಫ್ರೀಹ್ಯಾಂಡ್ ಓಡೂದ ಬಂದ್ ಆತು. ಸ್ವಂತ ಕೈಲೆ ಬರದದ್ದು ಸ್ವಂತ ಮನ್ಯಾಗಿದ್ರೂ ತೆಗದು ನೋಡಂಗಿಲ್ಲ.

ಅದೇ 2011ರಾಗ ಫ್ರೀ ಫ್ರೀಹ್ಯಾಂಡ್ ಅನ್ನೋ ಬಳಕೆದಾರರ ಸಂಘದವರು ಅಡೋಬಿ ಮ್ಯಾಲೆ ಏಕಸ್ವಾಮ್ಯದ ದಾವಾ ಹಾಕಿದ್ರು. ಮರುವರ್ಷ ರಾಜಿ ಆತು, ಸದಸ್ಯರಿಗೆ ಅಡೋಬಿ ಸಾಮಾನಿನ ಮ್ಯಾಲೆ ರಿಯಾಯ್ತಿ ಸಿಕ್ಕಿತು. ಕೇಳಿದ್ದೇನು, ಸಿಕ್ಕಿದ್ದೇನು! ಫ್ರೀಹ್ಯಾಂಡ್ ಬರಲಿಲ್ಲ.

ಆ ಫೈಲಿನ ಬೀಗ ಬಿಡಿಸಿದವರು ಬ್ಯಾರೆಯವರು. ರೊಕ್ಕ ಇಲ್ಲದ ಸಿಗೋ ಲಿಬ್ರೆಆಫೀಸಿನಾಗ 2014ರಿಂದ ಫ್ರೀಹ್ಯಾಂಡ್ ಚಿತ್ರ ತೆರೀಬಹುದು. ಅಷ್ಟಾದ್ರೂ ಕೆಲವರು ಇದೊಂದಕ್ಕಂತ ಹಳೇ ಆ್ಯಪಲ್ ಕಂಪ್ಯೂಟರ್ ಜೋಪಾನ ಮಾಡಿ ಇಟ್ಕೊಂಡಾರ.