ವಿಂಟೇಜ್ ಉಡುಗೆ: ಹೆಸರು ತಾರೆಯದು, ಕೈ ದರ್ಜಿಯದು

ಅಜ್ಜಿಯ ಧಾರೆ ಸೀರೆಯನ್ನು ಮೊಮ್ಮಗಳು ತನ್ನ ಆರತಕ್ಷತೆಗೆ ಉಟ್ಟರೆ ಅದಕ್ಕೀಗ ‘ವಿಂಟೇಜ್’ ಎಂಬ ಹೆಸರಿದೆ. ಹಿಂದೆ ಹೆಸರೇನೂ ಇರಲಿಲ್ಲ. ಟ್ರಂಕು ತೆಗೆದರು, ಸೀರೆ ಉಟ್ಟರು, ಮಡಿಸಿ ಮತ್ತೆ ಒಳಗಿಟ್ಟರು, ಅಷ್ಟೆ. ಹಳೆಯ ಬಟ್ಟೆಗೆ ಬೆಲೆ ಕಟ್ಟಿ, ಇಂಥ ತಾರೆ ತೊಟ್ಟಿದ್ದರು ಎಂದು ಕಥೆ ಸೇರಿಸಿ ಮಾರುವ ವಿದ್ಯೆ ಹೊರಗಿನಿಂದ ಬಂದದ್ದು. ಆ ಕಥೆಗಳನ್ನು ಸ್ವಲ್ಪ ಕೆದಕಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಜಗತ್ತು ಅನುಕರಿಸಿದ ಎಷ್ಟೋ ಉಡುಗೆಗಳು ಶೋಕಿಯಿಂದ ಹುಟ್ಟಿದವಲ್ಲ. ಒಂದರ ಹಿಂದೆ ಅಗಲವಾದ ಹಣೆ ಇದೆ, ಇನ್ನೊಂದರ ಹಿಂದೆ ವೈಧವ್ಯ, ಮತ್ತೊಂದರ ಹಿಂದೆ ಮುಗಿದ ಯುದ್ಧ. ತೊಟ್ಟವರ ಹೆಸರು ಉಳಿಯಿತು. ಕತ್ತರಿ ಹಿಡಿದವರ ಹೆಸರನ್ನು ಹುಡುಕಿ ತೆಗೆಯಬೇಕು.

ಎಷ್ಟು ಹಳೆಯದಾದರೆ ವಿಂಟೇಜ್?

ಈ ಪದ ದ್ರಾಕ್ಷಾರಸದ ವ್ಯಾಪಾರಕ್ಕೆ ಸೇರಿದ್ದು. ಯಾವ ವರ್ಷದ ದ್ರಾಕ್ಷಿ ಕೊಯ್ಲಿನ ಸರಕು ಎಂದು ಗುರುತಿಸಲು ಹುಟ್ಟಿದ ಮಾತು ಮುಂದೆ ಕಾರುಗಳಿಗೆ ಅಂಟಿಕೊಂಡಿತು, ಆಮೇಲೆ ಬಟ್ಟೆಗೆ. ವ್ಯಾಪಾರಿಗಳ ರೂಢಿಯಲ್ಲಿ 20 ವರ್ಷ ದಾಟಿದ ಉಡುಪು ವಿಂಟೇಜ್, 100 ದಾಟಿದರೆ ಪುರಾತನ ವಸ್ತು. ಹಳೆಯ ಮಾದರಿಯನ್ನು ನೋಡಿ ಇಂದು ಹೊಲಿದದ್ದು ರೆಟ್ರೊ. ಈ ಲೆಕ್ಕ ಹಿಡಿದರೆ 2000ದ ಲೋ ವೇಸ್ಟ್ ಜೀನ್ಸ್ ಕೂಡ ವಿಂಟೇಜ್ ಆಯಿತು. ಕಾಲೇಜಿನಲ್ಲಿ ಅದನ್ನು ತೊಟ್ಟು ಬೈಸಿಕೊಂಡವರಿಗೆ ಈ ಮಾತು ಅಷ್ಟು ರುಚಿಸಲಾರದು.

ನಮ್ಮಲ್ಲಿ ಇನ್ನೊಂದು ತೊಡಕಿತ್ತು. ಪರರು ಉಟ್ಟ ಬಟ್ಟೆ ಎಂದರೆ ಮೂಗು ಮುರಿಯುವ ಸಮಾಜ ನಮ್ಮದು. ಮಡಿ ಮೈಲಿಗೆಯ ಲೆಕ್ಕ ಬೇರೆ. ರೇಷ್ಮೆಗೆ ಮಾತ್ರ ಮೈಲಿಗೆ ಇಲ್ಲ ಎಂಬ ನಂಬಿಕೆಯಿದ್ದುದರಿಂದ ಪಟ್ಟೆ ಸೀರೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟುತ್ತ ಬಂತು. ಹತ್ತಿ ಸೀರೆಗೆ ಆ ಭಾಗ್ಯವಿರಲಿಲ್ಲ. ಅದು ತೊಟ್ಟಿಲ ಬಟ್ಟೆಯಾಯಿತು, ಉತ್ತರ ಕರ್ನಾಟಕದಲ್ಲಿ ಕೌದಿಯಾಯಿತು, ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ಇಲ್ಲವೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳ ಗಂಟು ಸೇರಿತು. ನಮ್ಮ ಮನೆಗಳಲ್ಲಿ ಹಳೆಯದೆಂದು ಉಳಿದಿರುವುದು ಬಹುಪಾಲು ರೇಷ್ಮೆಯೇ ಆಗಿರುವುದು ಇದರಿಂದ. ಅಜ್ಜಿಯರು ದಿನವೂ ರೇಷ್ಮೆ ಉಡುತ್ತಿದ್ದರು ಎಂದು ಯಾರೂ ಭಾವಿಸಬೇಕಿಲ್ಲ.

ಯುದ್ಧ ಮುಗಿದ ಮೇಲಿನ ಲಂಗ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೂ ಪಡಿತರವಿತ್ತು. 1941ರಲ್ಲಿ ಶುರುವಾದ ಆ ಕೂಪನ್ ವ್ಯವಸ್ಥೆ 1949ರವರೆಗೆ ನಡೆಯಿತು. ಲಂಗ ಗಿಡ್ಡವಾಯಿತು, ನೆರಿಗೆ ಕಡಿಮೆಯಾಯಿತು, ಜೇಬುಗಳಿಗೂ ಮಿತಿ ಬಂತು. ಇಂಥ ಹೊತ್ತಿನಲ್ಲಿ, 1947ರ ಫೆಬ್ರುವರಿ 12ರಂದು, ಕ್ರಿಸ್ಟಿಯನ್ ಡಿಯೋರ್ ಪ್ಯಾರಿಸ್ಸಿನಲ್ಲಿ ತನ್ನ ಮೊದಲ ಸಂಗ್ರಹ ತೋರಿಸಿದ. ಹಿಡಿ ಸೊಂಟ, ಮೊಣಕಾಲಿನ ಕೆಳಗೆ ಹರಡಿಕೊಂಡು ಗಜಗಟ್ಟಲೆ ಬಟ್ಟೆ ನುಂಗುವ ಲಂಗ. ‘ಹಾರ್ಪರ್ಸ್ ಬಜಾರ್’ ಸಂಪಾದಕಿ ಕಾರ್ಮೆಲ್ ಸ್ನೋ ಅದನ್ನು ‘ನ್ಯೂ ಲುಕ್’ ಎಂದು ಕರೆದರು, ಹೆಸರು ನಿಂತಿತು. ಕೂಪನ್ ಕತ್ತರಿಸಿ ಬದುಕುತ್ತಿದ್ದವರಿಗೆ ಸಿಟ್ಟು ಬಂದದ್ದೂ ಸಹಜ. ಆದರೆ ವರ್ಷಗಟ್ಟಲೆ ಬಟ್ಟೆಗೆ ಹಂಬಲಿಸಿದ್ದ ಕಣ್ಣುಗಳಿಗೆ ಆ ಧಾರಾಳವೇ ಸೊಗಸಾಗಿ ಕಂಡಿತು. ಇಂದು ‘ಐವತ್ತರ ದಶಕದ ಫ್ರಾಕು’ ಎಂದು ಮಾರಾಟವಾಗುವುದರ ಮೂಲ ಇದೇ.

ಅದಕ್ಕೆ ಉತ್ತರವೆಂಬಂತೆ ಅರವತ್ತರಲ್ಲಿ ಲಂಗ ಮತ್ತೆ ಮೇಲೇರಿತು. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ 1955ರಲ್ಲೇ ಅಂಗಡಿ ತೆರೆದಿದ್ದ ಮೇರಿ ಕ್ವಾಂಟ್ ತನ್ನ ಗಿಡ್ಡ ಲಂಗಕ್ಕೆ ಇಷ್ಟದ ಮಿನಿ ಕಾರಿನ ಹೆಸರಿಟ್ಟಳು. 1966ರಲ್ಲಿ ಹದಿನಾರರ ಹುಡುಗಿ ಟ್ವಿಗ್ಗಿ ಅದರ ಮುಖವಾದಳು.

ಕಪ್ಪು ಉಡುಪು, ಕೋಲ್ಕತ್ತಾದ ಹಣ

ಹಾಲಿವುಡ್ ನಟಿ ಆಡ್ರಿ ಹೆಪ್‌ಬರ್ನ್ ಹೆಸರಿಲ್ಲದ ವಿಂಟೇಜ್ ಚರ್ಚೆ ಇಲ್ಲವೇ ಇಲ್ಲ. ‘ಸಬ್ರೀನಾ’ (1954) ಚಿತ್ರಕ್ಕೆ ಉಡುಪು ಬೇಕೆಂದು ಆಕೆ ಪ್ಯಾರಿಸ್ಸಿನ ವಿನ್ಯಾಸಕ ಹ್ಯೂಬರ್ಟ್ ಡಿ ಜಿವಾನ್ಶಿಯ ಬಳಿ ಹೋದಾಗ, ‘ಮಿಸ್ ಹೆಪ್‌ಬರ್ನ್’ ಎಂದರೆ ಇನ್ನೊಬ್ಬ ನಟಿ ಕ್ಯಾಥರೀನ್ ಹೆಪ್‌ಬರ್ನ್ ಬರುತ್ತಾರೆ ಎಂದು ಆತ ಕಾದಿದ್ದನಂತೆ. ಹೊಸದು ಹೊಲಿಯಲು ಪುರುಸೊತ್ತಿಲ್ಲದೆ ಸಿದ್ಧವಿದ್ದುದನ್ನೇ ಆರಿಸಿಕೊಳ್ಳಲು ಹೇಳಿದ. ಆಕೆ ಆರಿಸಿಕೊಂಡಳು. ಆ ಚಿತ್ರದ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಬಂದಾಗ ಅದನ್ನು ಪಡೆದದ್ದು ಸ್ಟುಡಿಯೊದ ಈಡಿತ್ ಹೆಡ್. ಜಿವಾನ್ಶಿಯ ಹೆಸರು ತೆರೆಯ ಮೇಲೆ ಬರಲೇ ಇಲ್ಲ.

‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ (1961) ಚಿತ್ರಕ್ಕೆ ಆತ ಮಾಡಿಕೊಟ್ಟ ಕಪ್ಪು ನಿಲುವಂಗಿಗೂ ಭಾರತಕ್ಕೂ ಒಂದು ನಂಟಿದೆ. ಕೋಲ್ಕತ್ತಾ ಪ್ರದೇಶದ ಕೊಳೆಗೇರಿಯ ಬದುಕನ್ನು ‘ಸಿಟಿ ಆಫ್ ಜಾಯ್’ ಕೃತಿಯಲ್ಲಿ ಬರೆದ ಡೊಮಿನಿಕ್ ಲ್ಯಾಪಿಯೇರ್ ಅವರ ಸೇವಾಸಂಸ್ಥೆಗೆ ಜಿವಾನ್ಶಿ ಅದನ್ನು ದಾನ ಕೊಟ್ಟ. 2006ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು 4,67,200 ಪೌಂಡಿಗೆ ಹೋಯಿತು. ಒಂದು ಹಳೆಯ ಉಡುಪಿನಿಂದ ಬಡವರಿಗೆ ಇಷ್ಟು ಹಣ ಸಂದ ನಿದರ್ಶನ ನನಗೆ ಬೇರೆ ನೆನಪಾಗದು.

ಅಗಲ ಹಣೆಯ ಸಾಧನಾ

ಹೆಪ್‌ಬರ್ನ್ ಪ್ರಭಾವ ನಮ್ಮ ನಾಡಿನ ಹೆಣ್ಣುಮಕ್ಕಳನ್ನು ತಲುಪಿದ್ದು ಉಡುಪಿನ ಮೂಲಕವಲ್ಲ, ಕೂದಲಿನ ಮೂಲಕ. ‘ಲವ್ ಇನ್ ಶಿಮ್ಲಾ’ (1960) ಚಿತ್ರೀಕರಣದ ಹೊತ್ತಿಗೆ ಹೊಸ ನಟಿ ಸಾಧನಾ ಅವರ ಹಣೆ ಕ್ಯಾಮೆರಾಗೆ ಅಗಲವಾಗಿ ಕಾಣುತ್ತಿತ್ತು. ನಿರ್ದೇಶಕ ಆರ್.ಕೆ. ನಯ್ಯರ್ ಹೆಪ್‌ಬರ್ನ್ ಮಾದರಿಯಲ್ಲಿ ಮುಂಗೂದಲನ್ನು ಹಣೆಯ ಮೇಲೆ ಕತ್ತರಿಸಿ ಬಿಡಿಸಿದರು. ಮುಚ್ಚಲು ಮಾಡಿದ ಉಪಾಯ ‘ಸಾಧನಾ ಕಟ್’ ಎಂಬ ಹೆಸರು ಪಡೆದು ಊರೂರಿನ ಹುಡುಗಿಯರ ಹಣೆಗೆ ಇಳಿಯಿತು. ಹಣೆ ಅಗಲವಿಲ್ಲದವರೂ ಕತ್ತರಿಸಿಕೊಂಡರು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆಯುತ್ತಿದ್ದ ತಾಯಂದಿರಿಗೆ ಅದು ದೊಡ್ಡ ತಲೆನೋವೇ ಆಗಿರಬೇಕು.

ಅದೇ ಸಾಧನಾ ‘ವಕ್ತ್’ (1965) ಚಿತ್ರದಲ್ಲಿ ಮೈಗೆ ಅಂಟಿದಂತಿದ್ದ ಚೂಡಿದಾರ್ ಕುರ್ತಾ ತೊಟ್ಟರು. ಅದನ್ನು ರೂಪಿಸಿದವರು ಭಾನು ಅಥೈಯಾ. ಈ ಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಮಹಿಳಾ ಪತ್ರಿಕೆಗಳಿಗೆ ಉಡುಪಿನ ಚಿತ್ರ ಬರೆಯುತ್ತಿದ್ದವರು ಅವರು. 1956ರ ‘ಸಿ.ಐ.ಡಿ.’ಯಿಂದ ಸಿನಿಮಾಕ್ಕೆ ಬಂದರು. ‘ಆಮ್ರಪಾಲಿ’ (1966) ಚಿತ್ರದ ವೈಜಯಂತಿಮಾಲಾ ಅವರಿಗೆ ಅಜಂತಾ ಚಿತ್ರಗಳನ್ನು ನೋಡಿ ಉಡುಗೆ ರೂಪಿಸಿದರು. ‘ಬ್ರಹ್ಮಚಾರಿ’ (1968) ಚಿತ್ರದಲ್ಲಿ ಮುಮ್ತಾಜ್ ಕುಣಿಯುವಾಗ ತೊಟ್ಟ ಕೇಸರಿ ಬಣ್ಣದ ಬಿಗಿ ಸೀರೆಯೂ ಅವರದೇ. ಆ ಕುಣಿತಕ್ಕೆ ನೆರಿಗೆ ಬಿಚ್ಚದಂಥ ಸೀರೆ ಬೇಕಿತ್ತು. ಹಾಗಾಗಿ ಸೀರೆಯನ್ನು ಮೊದಲೇ ಹೊಲಿದು ಸಿದ್ಧಮಾಡಿಟ್ಟರು. ಈಗ ಮದುವೆ ಅಂಗಡಿಗಳಲ್ಲಿ ‘ರೆಡಿ ಟು ವೇರ್’ ಎಂದು ತೂಗುಹಾಕಿರುವ ಸೀರೆಗೆ ಅದು ಅಜ್ಜಿ. ಜನ ಅದನ್ನು ‘ಮುಮ್ತಾಜ್ ಸೀರೆ’ ಎಂದರು, ‘ಭಾನು ಸೀರೆ’ ಎನ್ನಲಿಲ್ಲ. ‘ಗಾಂಧಿ’ ಚಿತ್ರಕ್ಕಾಗಿ 1983ರಲ್ಲಿ ಜಾನ್ ಮೊಲ್ಲೊ ಜೊತೆ ಆಸ್ಕರ್ ಹಂಚಿಕೊಂಡು, ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದ ಮೇಲಷ್ಟೇ ಅವರ ಹೆಸರು ಮನೆಮಾತಾಯಿತು. ಆ ಪ್ರತಿಮೆ ತಮ್ಮ ನಂತರ ಕಾಣೆಯಾದೀತು ಎಂಬ ಆತಂಕದಿಂದ 2012ರಲ್ಲಿ ಅದನ್ನು ಅಕಾಡೆಮಿಗೇ ಮರಳಿಸಿದರು.

ಎಪ್ಪತ್ತರ ದಶಕದ್ದು ಬೇರೆಯೇ ಗದ್ದಲ: ‘ಹರೇ ರಾಮ ಹರೇ ಕೃಷ್ಣ’ದ (1971) ಜೀನತ್ ಅಮಾನ್ ಅವರ ದೊಡ್ಡ ಕನ್ನಡಕ, ‘ಬಾಬಿ’ಯ (1973) ಡಿಂಪಲ್ ತೊಟ್ಟ ಚುಕ್ಕಿ ಅಂಗಿ, ಗಂಡಸರಿಗೆ ಗುರು ಕುರ್ತಾ, ಎಲ್ಲರಿಗೂ ಬೀದಿ ಗುಡಿಸುವ ಬೆಲ್ ಬಾಟಂ.

ರಾಣಿಯ ಶಿಫಾನ್, ದೇವಿಕಾರಾಣಿಯ ವಿನ್ಯಾಸ

ಸಿನಿಮಾಕ್ಕಿಂತ ಹಿಂದಿನ ಮಾದರಿಗಳು ದೊಡ್ಡ ಮನೆತನಗಳಿಂದ ಬಂದವು. ಇಂದು ಬಹುಪಾಲು ಭಾರತೀಯರು ಉಡುವ, ಮುಂದೆ ನೆರಿಗೆ ಹಿಡಿದು ಸೆರಗನ್ನು ಎಡ ಹೆಗಲಿಗೆ ಹಾಕುವ, ಒಳಲಂಗ ಮತ್ತು ಹೊಲಿದ ರವಿಕೆ ಬೇಡುವ ಸೀರೆಯ ಶೈಲಿ ಹರಡುವುದರಲ್ಲಿ ಜ್ಞಾನದಾನಂದಿನಿ ದೇವಿಯವರ ಪಾತ್ರ ದೊಡ್ಡದು. ರವೀಂದ್ರನಾಥ ಟ್ಯಾಗೋರರ ಅತ್ತಿಗೆ ಅವರು. ಪತಿ ಸತ್ಯೇಂದ್ರನಾಥರು ಐ.ಸಿ.ಎಸ್. ಸೇರಿದ ಮೊದಲ ಭಾರತೀಯ. 1860ರ ದಶಕದಲ್ಲಿ ಪತಿಯೊಂದಿಗೆ ಮುಂಬೈಗೆ ಹೋದಾಗ, ಆಕೆ ಮನೆಯೊಳಗಿನ ಬಂಗಾಳಿ ಉಡುಗೆಯಲ್ಲಿ ಹೊರಗೆ ಕಾಲಿಡುವಂತಿರಲಿಲ್ಲ. ಪಾರ್ಸಿ ಹೆಂಗಸರನ್ನು ನೋಡಿ ಹೊಸ ಕ್ರಮ ಕಟ್ಟಿಕೊಂಡರು.

ಕೂಚ್ ಬಿಹಾರದ ಮಹಾರಾಣಿ ಇಂದಿರಾ ದೇವಿ 1922ರಲ್ಲಿ ಪತಿಯನ್ನು ಕಳೆದುಕೊಂಡು ಬಿಳಿ ಬಟ್ಟೆಗೆ ಬಂದವರು. ಭಾರದ ಜರತಾರಿ ಬಿಟ್ಟು ಫ್ರಾನ್ಸಿನ ಶಿಫಾನನ್ನು ಸೀರೆಯ ಅಗಲಕ್ಕೆ ನೇಯಿಸಿ ತರಿಸಿದರು. ಮಗಳು, ಜೈಪುರದ ಮಹಾರಾಣಿ ಗಾಯತ್ರಿ ದೇವಿ, ಅದಕ್ಕೆ ಮುತ್ತಿನ ಸರ ಜೋಡಿಸಿ ಲೋಕಪ್ರಸಿದ್ಧ ಮಾಡಿದರು. ಇಂದು ‘ರಾಣಿ ಲುಕ್’ ಎಂದು ಕೇಳುವವರಿಗೆ ಅದು ಶೋಕದ ಬಟ್ಟೆಯಾಗಿ ಶುರುವಾಯಿತೆಂದು ಗೊತ್ತಿರುವುದಿಲ್ಲ.

ದೇವಿಕಾರಾಣಿ ಈ ಪಟ್ಟಿಯಲ್ಲಿ ವಿಶೇಷ, ಏಕೆಂದರೆ ಅವರು ಮೊದಲು ಉಡುಗೆ ಮಾಡಿದವರು, ಆಮೇಲೆ ತೊಟ್ಟವರು. ಲಂಡನ್ನಿನಲ್ಲಿ ಜವಳಿ ವಿನ್ಯಾಸ ಕಲಿತು, ಹಿಮಾಂಶು ರಾಯ್ ಅವರ 1929ರ ಮೂಕಿಚಿತ್ರ ‘ಪ್ರಪಂಚ ಪಾಶ್’ಗೆ ವಸ್ತ್ರ ಮತ್ತು ಕಲಾ ವಿಭಾಗದಲ್ಲಿ ದುಡಿದು, ಆಮೇಲೆ ನಾಯಕಿಯಾದವರು. 1945ರಲ್ಲಿ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ದಂಪತಿಯ ನೆಲೆಯಾಯಿತು. ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದೇ. ರೋರಿಕ್ ಬರೆದ ಅವರ ಭಾವಚಿತ್ರಗಳಲ್ಲಿ ಸೀರೆ ಮತ್ತು ಒಡವೆಗಳಿಗೂ ಮುಖದಷ್ಟೇ ಮರ್ಯಾದೆಯಿದೆ.

ಕನ್ನಡದ ತೆರೆ

ಕನ್ನಡದಲ್ಲಿ ಈ ಇತಿಹಾಸವನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂಬುದು ನನ್ನ ದೂರು. ‘ಮಿಸ್ ಲೀಲಾವತಿ’ಯಲ್ಲಿ (1965) ಜಯಂತಿ ಈಜುಡುಗೆ ತೊಟ್ಟದ್ದು ಎಲ್ಲರ ಬಾಯಲ್ಲಿದೆ, ಹೊಲಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ‘ಬೆಳ್ಳಿಮೋಡ’ (1967), ‘ಶರಪಂಜರ’ ಚಿತ್ರಗಳ ಕಲ್ಪನಾ ಒಂದು ಕಾಲದಲ್ಲಿ ಕನ್ನಡ ಹೆಂಗಸರ ರವಿಕೆಯ ತೋಳು, ತುರುಬು, ಓಲೆ ಎಲ್ಲವನ್ನೂ ನಿರ್ಧರಿಸುತ್ತಿದ್ದರು. ಚಿತ್ರಮಂದಿರದ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕದ ರಕ್ಷಾಪುಟವೇ ದರ್ಜಿಗೆ ಅಳತೆ ಪುಸ್ತಕ. ‘ಇದೇ ಥರ ಕೈ ಇಡಿ’ ಎಂದರೆ ಮುಗಿಯಿತು.

ರಾಜ್‌ಕುಮಾರ್ ಅವರದು ಎರಡು ಪ್ರತ್ಯೇಕ ಖಾತೆ. ‘ಜೇಡರ ಬಲೆ’ಯ (1968) ಸಿ.ಐ.ಡಿ. 999 ಆಗಿ ಸೂಟು ಬೂಟು, ತೆರೆಯ ಹೊರಗೆ ಬಿಳಿ ಪಂಚೆ, ಬಿಳಿ ಅಂಗಿ. ಅರ್ಧ ಶತಮಾನದ ಮೇಲೆ ನೋಡಿದರೆ ಸೂಟಿಗೆ ವಯಸ್ಸಾಗಿದೆ. ಪಂಚೆಗೆ ಆಗಿಲ್ಲ.

ಹಳೆಯದನ್ನು ಗುರುತಿಸುವುದು

ವಿಲಾಯಿತಿ ಉಡುಪಾದರೆ ಚೀಟಿ ಮತ್ತು ಜಿಪ್ ನೋಡುತ್ತಾರೆ. ಲೋಹದ ಜಿಪ್ ಇದ್ದರೆ ಅರವತ್ತರ ದಶಕದ ಮಧ್ಯಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು. ಆಮೇಲೆ ನೈಲಾನ್ ಜಿಪ್ ಬಂತು. ಅಮೆರಿಕದ ಉಡುಪಿನಲ್ಲಿ ಒಗೆಯುವ ಸೂಚನೆಯ ಚೀಟಿ ಕಡ್ಡಾಯವಾದದ್ದು 1972ರಲ್ಲಿ. ಲೀವೈಸ್ ಜೀನ್ಸಿನ ಕೆಂಪು ಪಟ್ಟಿಯಲ್ಲಿ ಇಂಗ್ಲಿಷಿನ ‘ಇ’ ದೊಡ್ಡಕ್ಷರವಾಗಿದ್ದರೆ ಅದು 1971ಕ್ಕಿಂತ ಹಳೆಯದು ಎಂಬುದು ಸಂಗ್ರಾಹಕರ ಲೆಕ್ಕ. ಆದರೆ ಹಳೆಯ ಮಾದರಿಯ ಮರುತಯಾರಿಕೆಯಲ್ಲೂ ಆ ಅಕ್ಷರ ಬರುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಸೀರೆಗೆ ಚೀಟಿ ಇರುವುದಿಲ್ಲ, ಬೆರಳೇ ಓದಬೇಕು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಆರಂಭಿಸಿದ ರೇಷ್ಮೆ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆಯನ್ನು ಮುದ್ದೆ ಮಾಡಿ ಬಿಟ್ಟರೆ ಸುಕ್ಕು ಉಳಿಯದೆ ಜಾರುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ನಡುವೆ ಕುಣಿಕೆ ಹಾಕಿ ಕೂಡಿಸಿದ ಕೂಡುಗೆರೆ ಕಾಣಬೇಕು. ಬೆಳ್ಳಿ ಜರಿ ವರ್ಷಗಳು ಕಳೆದಂತೆ ಕಪ್ಪಾಗುತ್ತದೆ. ಮಿರಮಿರ ಮಿಂಚುವ ‘ಎಪ್ಪತ್ತು ವರ್ಷದ ಜರಿ’ಯನ್ನು ಅನುಮಾನಿಸಿ.

ಟ್ರಂಕಿನಲ್ಲಿ ಇಡುವುದು, ತಕ್ಕಡಿಗೆ ಹಾಕದಿರುವುದು

ರೇಷ್ಮೆಯನ್ನು ತೆಳುವಾದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ; ಒಂದೇ ಮಡಿಕೆಯಲ್ಲಿ ಹತ್ತು ವರ್ಷ ಇಟ್ಟ ಸೀರೆ ಆ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಗಲಬಾರದು, ಅತ್ತರಂತೂ ತಗಲಲೇಬಾರದು.

ಇನ್ನೊಂದು ಮಾತು. ಹಳೆಯ ಜರಿ ಸೀರೆ ಕೊಳ್ಳುತ್ತೇವೆ ಎಂದು ಫಲಕ ಹಾಕುವವರು ಕೊಳ್ಳುವುದು ಸೀರೆಯನ್ನಲ್ಲ, ಅದರೊಳಗಿನ ಬೆಳ್ಳಿಯನ್ನು. ರೇಷ್ಮೆ ಸುಟ್ಟು ಬೂದಿಯಾದ ಮೇಲೆ ಉಳಿಯುವುದು ಲೋಹದ ತುಣುಕು. ಒಡಲು ಹರಿದಿದ್ದರೂ ಅಂಚು ಮತ್ತು ಸೆರಗು ಗಟ್ಟಿಯಿದ್ದರೆ ಅದನ್ನು ಹೊಸ ಬಟ್ಟೆಗೆ ಕೂಡಿಸಿ ಕೊಡುವ ದರ್ಜಿಗಳು ಇಂದಿಗೂ ಇದ್ದಾರೆ. ತಕ್ಕಡಿಗೆ ಹಾಕುವ ಮುನ್ನ ಅಂಥವರೊಬ್ಬರಿಗೆ ಸೀರೆ ತೋರಿಸಿ. ಬರುವಾಗ ಅವರ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿ.