ವಿಲಿಯಂ ಫ್ರಾಂಕ್‌ಲ್ಯಾಂಡ್ ಮತ್ತು 1954ರ ಪರಾಗ ಪ್ರಯೋಗ

ಬ್ರಿಟನ್ನಿನ ಅಲರ್ಜಿ ತಜ್ಞ ವಿಲಿಯಂ ಫ್ರಾಂಕ್‌ಲ್ಯಾಂಡ್ (1912–2020) ಅವರನ್ನು ಕುರಿತ ಬರಹಗಳು ಹೆಚ್ಚಾಗಿ ಅವರ ದೀರ್ಘಾಯುಷ್ಯವನ್ನೂ ಸೆರೆವಾಸವನ್ನೂ ನೆನೆಯುತ್ತವೆ. 1942ರಲ್ಲಿ ಸಿಂಗಪುರ ಜಪಾನಿನ ವಶವಾದಾಗ ಸೆರೆಸಿಕ್ಕ ಈ ಸೇನಾ ವೈದ್ಯರು ಮೂರೂವರೆ ವರ್ಷ ಯುದ್ಧಕೈದಿಯಾಗಿದ್ದರು. ಆದರೆ ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಅವರ ಸ್ಥಾನವನ್ನು ಗಟ್ಟಿಮಾಡಿದ್ದು, ರೋಸಾ ಅಗಸ್ಟಿನ್ ಜೊತೆಗೂಡಿ 1954ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಎಂಬುದು ನನ್ನ ವಾದ.

ಪರಾಗದ ಅಲರ್ಜಿಯಾದ ಹೇ ಫೀವರಿಗೆ ಹುಲ್ಲಿನ ಪರಾಗದ ಸಾರವನ್ನೇ ಸ್ವಲ್ಪಸ್ವಲ್ಪವಾಗಿ ಚುಚ್ಚುವ ಚಿಕಿತ್ಸೆಯನ್ನು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್ 1911ರಲ್ಲಿ ಪ್ರಕಟಿಸಿದ್ದರು. ತೆಳುಮಾಡಿದ ಸಾರದ ಹನಿಯನ್ನು ರೋಗಿಯ ಕಣ್ಣಿಗೆ ಬಿಟ್ಟು, ಎಷ್ಟು ಪ್ರಬಲವಾದ ಹನಿಗೆ ಕಣ್ಣು ಕೆಂಪಾಗುತ್ತದೆ ಎಂಬುದರಿಂದ ಅವರು ರೋಗದ ತೀವ್ರತೆಯನ್ನು ಅಳೆಯುತ್ತಿದ್ದರು. 1913ರಲ್ಲಿ ನೂನ್ ಕ್ಷಯದಿಂದ ತೀರಿಕೊಂಡ ಮೇಲೆ ಜಾನ್ ಫ್ರೀಮನ್ ಆ ಕೆಲಸವನ್ನು ಮುಂದುವರಿಸಿದರು. ನಾಲ್ಕು ದಶಕ ಈ ಚಿಕಿತ್ಸೆ ನಡೆದದ್ದು ಬಹುಪಾಲು ವೈದ್ಯರ ಅನುಭವ ಮತ್ತು ರೋಗಿಗಳ ಮಾತಿನ ಬಲದ ಮೇಲೆ.

ಯುದ್ಧಾನಂತರ ಫ್ರೀಮನ್ನರ ವಿಭಾಗಕ್ಕೇ ಸೇರಿದ ಫ್ರಾಂಕ್‌ಲ್ಯಾಂಡ್ ಗುರುವಿನ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿದರು. ಅದಕ್ಕೆ ಧೈರ್ಯ ಬೇಕಿತ್ತು. 200 ರೋಗಿಗಳಲ್ಲಿ ಕೆಲವರಿಗೆ ಪರಾಗದ ಕಚ್ಚಾ ಸಾರ, ಕೆಲವರಿಗೆ ಅದರಿಂದ ಬೇರ್ಪಡಿಸಿದ ಪ್ರೋಟೀನ್, ಉಳಿದವರಿಗೆ ಹೋಲಿಕೆಗಾಗಿ ಪ್ರೋಟೀನಿಲ್ಲದ ದ್ರಾವಣ. ಮೊದಲೆರಡು ಗುಂಪುಗಳಲ್ಲಿ ಸುಮಾರು ಶೇ. 79 ಮಂದಿಗೆ ಒಳ್ಳೆಯ ಗುಣ ಕಂಡಿತು. ಹೋಲಿಕೆಯ ಗುಂಪುಗಳಲ್ಲಿ ಸುಮಾರು ಶೇ. 33 ಮಂದಿಗೆ. ಈ ಎರಡನೆಯ ಅಂಕಿಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮೂವರಲ್ಲಿ ಒಬ್ಬರು ಮದ್ದಿಲ್ಲದ ಚುಚ್ಚುಮದ್ದಿನಿಂದಲೇ ಚೇತರಿಸಿಕೊಳ್ಳುವುದಾದರೆ, ಗುಣವಾಯಿತೆಂಬ ರೋಗಿಯ ಮಾತೊಂದೇ ಚಿಕಿತ್ಸೆಗೆ ಪುರಾವೆಯಾಗಲಾರದು. ಅಲರ್ಜಿಯ ಹಿಂದಿರುವ ಐಜಿಇ ಪ್ರತಿಕಾಯ ಪತ್ತೆಯಾದದ್ದು 1960ರ ದಶಕದಲ್ಲಿ. ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಮೊದಲೇ, ಕೆಲಸ ಮಾಡುತ್ತದೆಂಬುದು ಸಿದ್ಧವಾಗಿತ್ತು.

ಪರೀಕ್ಷಿಸುವ ಈ ಹಟ ಅವರನ್ನು ಸ್ವಂತ ದೇಹದವರೆಗೂ ಒಯ್ದಿತು. ದಕ್ಷಿಣ ಅಮೆರಿಕದ ರಕ್ತಹೀರುವ ಕೀಟವೊಂದರಿಂದ ಮತ್ತೆಮತ್ತೆ ಕಚ್ಚಿಸಿಕೊಂಡು, ಕೊನೆಗೆ ತೀವ್ರ ಅಲರ್ಜಿ ಆಘಾತಕ್ಕೆ ಒಳಗಾಗಿ, ಅಡ್ರಿನಲಿನ್ ಚುಚ್ಚಿಸಿಕೊಂಡು ಬದುಕಿದರು. ಗಾಳಿಯಲ್ಲಿನ ಪರಾಗದ ದಿನದಿನದ ಎಣಿಕೆ 1960ರ ದಶಕದಲ್ಲಿ ಬ್ರಿಟನ್ನಿನ ಜನಸಾಮಾನ್ಯರಿಗೆ ತಲುಪುವಂತಾದದ್ದೂ ಅವರ ಪ್ರಯತ್ನದಿಂದ.

ಅಲರ್ಜಿ ಚಿಕಿತ್ಸೆಯ ಚುಚ್ಚುಮದ್ದಿನ ಅಪಾಯ ಮಾತ್ರ ಉಳಿದೇ ಇತ್ತು. 1957ರಿಂದ 26 ಸಾವುಗಳಾಗಿದ್ದುದನ್ನು ಗಮನಿಸಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1986ರಲ್ಲಿ ಈ ಚಿಕಿತ್ಸೆಯನ್ನು ತುರ್ತು ಪುನಶ್ಚೇತನ ಸೌಲಭ್ಯವಿರುವ ಕಡೆಗಳಿಗೆ ಸೀಮಿತಗೊಳಿಸಿತು.