ಗೋಡೆಯ ಬಿಳಿಹುಡಿ ಮತ್ತು ಯುರೋಪಿನ ಯುದ್ಧಗಳು

ಮಳೆಗಾಲ ಕಳೆದು ನೆಲ ಒಣಗತೊಡಗಿದಾಗ ಉತ್ತರ ಬಿಹಾರದ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳ ಬುಡದಲ್ಲಿ, ದನ ಕಟ್ಟುವ ಜಾಗದ ಸುತ್ತ, ಬಿಳಿಯ ಹುಡಿಯೊಂದು ಮೇಲೇಳುತ್ತದೆ. ಅದನ್ನು ಕೆರೆದು ತೆಗೆಯುವುದು ನೂನಿಯಾ ಸಮುದಾಯದ ಕುಲಕಸುಬಾಗಿತ್ತು. ‘ನೂನ್’ ಎಂದರೆ ಉಪ್ಪು. ಅವರ ಹೆಸರು ಬಂದದ್ದೇ ಅದರಿಂದ. ಆದರೆ ಅವರು ಮುಖ್ಯವಾಗಿ ತೆಗೆಯುತ್ತಿದ್ದದ್ದು ಅಡುಗೆಯ ಉಪ್ಪನ್ನಲ್ಲ. ಹಿಂದಿಯಲ್ಲಿ ಅದು ಶೋರಾ, ಕನ್ನಡದಲ್ಲಿ ಪೆಟ್ಲುಪ್ಪು, ರಸಾಯನಶಾಸ್ತ್ರದಲ್ಲಿ ಪೊಟ್ಯಾಸಿಯಂ ನೈಟ್ರೇಟ್. ಸುಮಾರು ಎರಡು ಶತಮಾನ ಯುರೋಪಿನ ಫಿರಂಗಿಗಳು ಬಹುಮಟ್ಟಿಗೆ ಈ ಹುಡಿಯನ್ನೇ ನೆಚ್ಚಿಕೊಂಡಿದ್ದವು.

ಈ ಲವಣ ಹುಟ್ಟುವುದು ಜನ, ದನ ಒಟ್ಟಿಗೆ ಬಾಳುವ ಕಡೆ. ಸಗಣಿ, ಗಂಜಲಗಳಲ್ಲಿನ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಒಲೆಯಿಂದ ಬಂದು ಬೀಳುವ ಬೂದಿ ಪೊಟ್ಯಾಸಿಯಂ ಒದಗಿಸುತ್ತದೆ. ಮಳೆನೀರಿನಲ್ಲಿ ಕರಗಿದ ಲವಣ ಮಳೆ ನಿಂತ ಮೇಲೆ ಆವಿಯಾಗುವ ನೀರಿನ ಜೊತೆ ಮೇಲೇರಿ ಗೋಡೆಯ ಮೇಲೆ ಉಳಿಯುತ್ತದೆ. ಜೋರು ಮಳೆ, ಅದರ ಹಿಂದೆಯೇ ದೀರ್ಘ ಒಣ ಹವೆ, ದಟ್ಟವಾದ ಹಳ್ಳಿಗಳು: ಗಂಗೆಯ ಬಯಲಿನಲ್ಲಿ ಈ ಮೂರೂ ಇದ್ದವು.

ಕೋವಿಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು, ಗಂಧಕಗಳು ಉರಿಯುವ ವಸ್ತುಗಳು; ಅವು ಮುಚ್ಚಿದ ಕೊಳವೆಯೊಳಗೆ ಗಾಳಿಯಿಲ್ಲದೆ ಉರಿಯಬೇಕಾದರೆ ಆಮ್ಲಜನಕ ಕೊಡುವುದು ಪೆಟ್ಲುಪ್ಪು. ಸೋಡಿಯಂ ನೈಟ್ರೇಟ್ ಕೂಡ ಆಮ್ಲಜನಕ ಕೊಡುತ್ತದೆ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಂಡು ಮದ್ದನ್ನು ಒದ್ದೆ ಮಾಡುತ್ತದೆ. ಪೊಟ್ಯಾಸಿಯಂ ಲವಣ ಸುಲಭವಾಗಿ ತೇವ ಹೀರುವುದಿಲ್ಲ. ತಿಂಗಳುಗಟ್ಟಲೆ ಸಮುದ್ರದ ಮೇಲಿರುವ ಯುದ್ಧನೌಕೆಗೆ ಈ ಒಂದು ಗುಣ ಎಷ್ಟು ಮುಖ್ಯವೆಂದು ಹೇಳಬೇಕಾಗಿಲ್ಲ.

ಇನ್ನೊಂದು ಗುಣ ನೂನಿಯಾಗಳ ಕೈಗೆ ಚೆನ್ನಾಗಿ ತಿಳಿದಿತ್ತು. ನೂರು ಗ್ರಾಂ ನೀರಿನಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 13 ಗ್ರಾಂ ಪೆಟ್ಲುಪ್ಪು ಕರಗಿದರೆ, ಕುದಿಯುವ ನೀರಿನಲ್ಲಿ ಸುಮಾರು 245 ಗ್ರಾಂ ಕರಗುತ್ತದೆ. ಅಡುಗೆ ಉಪ್ಪು ತಣ್ಣೀರಾದರೂ ಬಿಸಿನೀರಾದರೂ 36ರಿಂದ 39 ಗ್ರಾಂ ಮಾತ್ರ. ಕೆರೆದ ಮಣ್ಣನ್ನು ಬೂದಿಯೊಡನೆ ಮಣ್ಣಿನ ತೊಟ್ಟಿಗೆ ಹಾಕಿ ನೀರು ಸುರಿದು ಸೋಸುತ್ತಿದ್ದರು. ಆ ನೀರನ್ನು ಕುದಿಸುತ್ತ ಹೋದಂತೆ ಅಡುಗೆ ಉಪ್ಪು ಮೊದಲು ತಳಕ್ಕೆ ಕೂರುತ್ತಿತ್ತು. ಉಳಿದ ನೀರು ಆರಿದಾಗ ಪೆಟ್ಲುಪ್ಪು ನೀಳ ಸ್ಫಟಿಕಗಳಾಗಿ ಕಟ್ಟಿಕೊಳ್ಳುತ್ತಿತ್ತು. ಕೋಷ್ಟಕ, ಥರ್ಮಾಮೀಟರ್ ಇಲ್ಲದೆ ನಡೆದ ಶುದ್ಧೀಕರಣ ಇದು.

ಈ ಲವಣ ನೀರಿನಲ್ಲಿ ಕರಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಅಕ್ಬರನ ಆಸ್ಥಾನದಲ್ಲಿ ಕುಡಿಯುವ ನೀರನ್ನು ತಣ್ಣಗಾಗಿಸಲು ಇದನ್ನು ಬಳಸುತ್ತಿದ್ದುದನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ಹೈದರ್, ಟಿಪ್ಪುವಿನ ಕಾಲದ ಮೈಸೂರು ರಾಕೆಟ್‌ಗಳ ಕಬ್ಬಿಣದ ಕೊಳವೆಗಳನ್ನು ಹಾರಿಸಿದ್ದೂ ಪೆಟ್ಲುಪ್ಪಿನ ಮದ್ದೇ. ಆದರೆ ಹಡಗು ತುಂಬಿ ಹೊರದೇಶಗಳಿಗೆ ಹೋದದ್ದು ಮುಖ್ಯವಾಗಿ ಬಿಹಾರದ ಸರಕು.

ಇಂಗ್ಲೆಂಡಿನಲ್ಲಿ ಪೆಟ್ಲುಪ್ಪಿಗಾಗಿ ರಾಜನ ಆಳುಗಳು ಜನರ ಮನೆ, ಕೊಟ್ಟಿಗೆ, ಪಾರಿವಾಳದ ಗೂಡುಗಳ ನೆಲ ಅಗೆಯುತ್ತಿದ್ದರು; ಜನ ಅವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದರು. 17ನೇ ಶತಮಾನದಲ್ಲಿ ಪಟ್ನಾದ ಸರಕು ಬರತೊಡಗಿದ ಮೇಲೆ ಆ ಅಗೆತ ಬೇಕಿಲ್ಲವಾಯಿತು. ಡಚ್ಚರೂ ಇಂಗ್ಲಿಷರೂ ಬಿಹಾರದಲ್ಲಿ ಪೈಪೋಟಿಯಿಂದ ಕೊಂಡರು. ಮುಂದೆ ಕಲ್ಕತ್ತೆಯ ಜೊತೆ ಹೆಸರು ಸೇರಿದ ಜಾಬ್ ಚಾರ್ನಕ್ ಅದಕ್ಕೆ ಮುಂಚೆ ವರ್ಷಗಟ್ಟಲೆ ಪಟ್ನಾ ಕೋಠಿಯಲ್ಲಿ ನೋಡಿಕೊಂಡದ್ದು ಈ ವ್ಯಾಪಾರವನ್ನೇ.

ಪ್ಲಾಸಿ ಕದನದ ಮರುವರ್ಷ, 1758ರಲ್ಲಿ, ಕ್ಲೈವ್ ನವಾಬ ಮೀರ್ ಜಾಫರನಿಂದ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ಕಂಪನಿಗೆ ಪಡೆದ. ಆಗ ಏಳು ವರ್ಷಗಳ ಯುದ್ಧ ನಡೆದಿತ್ತು. ಫ್ರಾನ್ಸಿಗೆ ಮದ್ದಿನ ಕೊರತೆ ಕಾಡಿತು. ಆ ಪಾಠದ ಮೇಲೆ ಫ್ರಾನ್ಸ್ 1775ರಲ್ಲಿ ಮದ್ದಿನ ಆಡಳಿತವನ್ನು ಹೊಸದಾಗಿ ಕಟ್ಟಿ, ಅದರ ಹೊಣೆ ಹೊತ್ತವರಲ್ಲಿ ರಸಾಯನಶಾಸ್ತ್ರಜ್ಞ ಲವಾಸಿಯೆಯನ್ನೂ ಸೇರಿಸಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಉತ್ತರದ ಸರ್ಕಾರ ಲ್ಯಾಮಟ್ ಡ್ಯುಪಾಂಟ್‌ನನ್ನು ಲಂಡನ್ನಿಗೆ ಕಳಿಸಿ ಸಿಕ್ಕಷ್ಟು ಪೆಟ್ಲುಪ್ಪು ಕೊಳ್ಳಿಸಿತು. ಟ್ರೆಂಟ್ ಹಡಗಿನ ಜಗಳ ಎದ್ದಾಗ ಬ್ರಿಟನ್ ಸಾಗಣೆಯನ್ನು ತಡೆಹಿಡಿಯಿತು. ವಶಪಡಿಸಿಕೊಂಡಿದ್ದ ದಕ್ಷಿಣದ ರಾಯಭಾರಿಗಳನ್ನು ಅಮೆರಿಕ ಬಿಟ್ಟುಕೊಟ್ಟ ಮೇಲಷ್ಟೇ ಸರಕು ಹೊರಟಿತು.

ಈ ಹಿಡಿತ ಸಡಿಲಿಸಿದ್ದೂ ರಸಾಯನಶಾಸ್ತ್ರವೇ. ಚಿಲಿ ಕರಾವಳಿಯ ಮರುಭೂಮಿಯಲ್ಲಿ ಸೋಡಿಯಂ ನೈಟ್ರೇಟ್ ರಾಶಿಯಾಗಿತ್ತು. ಜರ್ಮನಿಯ ಸ್ಟಾಸ್‌ಫುರ್ಟ್‌ನಲ್ಲಿ 1861ರಿಂದ ಗಣಿಯ ಪೊಟ್ಯಾಸಿಯಂ ಲವಣವನ್ನು ಕಾರ್ಖಾನೆಯಲ್ಲಿ ಸಂಸ್ಕರಿಸತೊಡಗಿದರು. ಎರಡನ್ನೂ ಬಿಸಿನೀರಿನಲ್ಲಿ ಬೆರೆಸಿ ಕಾಯಿಸಿದರೆ ಅಡುಗೆ ಉಪ್ಪು ತಳಕ್ಕಿಳಿಯುತ್ತದೆ. ಆರಿಸಿದರೆ ಪೆಟ್ಲುಪ್ಪಿನ ಸ್ಫಟಿಕ. ನೂನಿಯಾಗಳ ಕಡಾಯಿಯಲ್ಲಿ ನಡೆಯುತ್ತಿದ್ದದ್ದೇ ಇಲ್ಲಿ ಕಾರ್ಖಾನೆಯ ಪ್ರಮಾಣದಲ್ಲಿ ನಡೆಯಿತು. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದ ಮೇಲೆ ಕೋವಿಮದ್ದಿನ ಬೇಡಿಕೆಯೇ ಇಳಿಯಿತು.

ಇತ್ತ ಬಿಹಾರದಲ್ಲಿ ನೂನಿಯಾಗಳಿಗೆ ಮತ್ತೊಂದು ಕಾಟ. ಪೆಟ್ಲುಪ್ಪು ತೆಗೆಯುವಾಗ ತಳಕ್ಕೆ ಕೂರುವ ಅಡುಗೆ ಉಪ್ಪಿನ ಮೇಲೆ ಬ್ರಿಟಿಷರ ಉಪ್ಪಿನ ತೆರಿಗೆಯ ಕಣ್ಣಿತ್ತು. ಕುಲಕಸುಬಿಗೆ ಪರವಾನಗಿ ಬೇಕಾಯಿತು. ಪರವಾನಗಿಯಿಲ್ಲದೆ ಉಪ್ಪು ತೆಗೆದರೆ ಅಪರಾಧವಾಯಿತು. ಕೊಳ್ಳುವವರು ಕಡಿಮೆಯಾದಂತೆ ಅನೇಕರು ಕಡಾಯಿ ಬಿಟ್ಟು ಗುದ್ದಲಿ ಹಿಡಿದರು. ರಸ್ತೆ, ರೈಲುದಾರಿಗಳ ಮಣ್ಣು ಕೆಲಸಕ್ಕೆ ಹೋದರು. ಪಟ್ನಾದಲ್ಲಿ ಕೊಂಡವರ, ಲಂಡನ್ನಿನಲ್ಲಿ ಮಾರಿದವರ ಹೆಸರುಗಳು ಲೆಕ್ಕದ ಪುಸ್ತಕಗಳಲ್ಲಿ ಉಳಿದಿವೆ. ಯಾವ ಗೋಡೆಯನ್ನು ಯಾವಾಗ ಕೆರೆಯಬೇಕು, ಕುದಿಯುವ ನೀರನ್ನು ಯಾವ ಗಳಿಗೆಯಲ್ಲಿ ಇಳಿಸಬೇಕು ಎಂದು ಬಲ್ಲವರು ಅಲ್ಲಿ ಇರುವುದು ಜಾತಿಯ ಹೆಸರಿನಿಂದ ಮಾತ್ರ.